ಗಂಗವ್ವ ಎರಡನೇ ಸಲ ಅಳಲಿಲ್ಲ

ಸಿನಿಮಾ ಮಾಡೋದನ್ನ ನಾ ಫೋನಿನ್ಯಾಗ ವಿಡಿಯೋ ನೋಡಿ ಕಲಿತಾಂವ. ಮೊದಲ ಸಿನಿಮಾದಾಗ ತಾಯಿ ಮಗನ ಹೆಣದ ಮುಂದ ಅಳೋ ದೃಶ್ಯ ಇತ್ತು. ಅದಕ್ಕ ತಿಕೋಟಾದ ಒಣದ್ರಾಕ್ಷಿ ಶೆಡ್ಡಿನ್ಯಾಗ ದುಡಿಯೋ ಗಂಗವ್ವನ್ನ ಕರಕೊಂಡು ಬಂದೆ. ಯಾರ ಮನ್ಯಾಗ ಹೆಣ ಬಿದ್ರೂ ಹಾಡ್ಯಾಡಿ ಅಳಾಕ ಆಕಿನ್ನ ಕರೀತಾರ.

ನಾ ಹೇಳಿಕೊಟ್ಟ ಹೆಸರು ಬಿಟ್ಟು 'ಬಸೂ, ಬಸೂ' ಅಂತ ಹಾಡ್ಯಾಡಿ ಅತ್ತಳು. ಮುಗಿದ ಮ್ಯಾಲೆ ನೋಡಿದರ, ನಾ ಮೈಕ್ ಆನ್ ಮಾಡೇ ಇರಲಿಲ್ಲ.

"ಅವ್ವಾ, ಇನ್ನೊಮ್ಮೆ ಅಳಬೇಕ್ರಿ. ಬಸೂ ಅಲ್ಲ, ರಾಜೂ ಅನ್ರಿ" ಅಂದೆ.

ಸೆರಗಿಲೆ ಮಾರಿ ಒರೆಸಿಕೊಂಡಳು. "ಬಸೂ ನನ್ನ ಮಗಾ, ಯಪ್ಪಾ. ಎಷ್ಟ ಸಲ ಸಾಯಿಸ್ತಿ ಅವನ್ನ?" ಅಂದು ಎದ್ದು ಹೋದಳು.

ದನಿ ಇಲ್ಲದ ಆ ದೃಶ್ಯಾನ ಹಂಗ ಇಟ್ಟೆ. ವಿಜಯಪುರದಾಗ ಸಿನಿಮಾ ನೋಡಿದವರು, "ಆ ಮೌನ ಇಡೋದು ಎಲ್ಲಿ ಕಲಿತ್ರಿ?" ಅಂತ ಕೈ ಕುಲುಕತಾರ.

ಫೋನಿನ್ಯಾಗ ಅಂತ ಸುಳ್ಳ ಹೇಳತೇನಿ.