ತಾತನ ಭಲೇ

ನಮ್‌ವೊನ್ ಪೇಟೆಯಲ್ಲಿ ಗಿಲ್‌ದೊಕ್ ತಾತನ ಹಿಟ್ಟಿನ ಗಿರಣಿ ಗೊತ್ತಿಲ್ಲದವರಿಲ್ಲ. ಗಿರಣಿಯ ಸದ್ದಿಗಿಂತ ತಾತನ ಬಾಯಿಯೇ ಜೋರು. ಹಗಲೆಲ್ಲ ಮೆಣಸಿನಕಾಯಿ ಪುಡಿಮಾಡುವ ಕೈ, ಸಂಜೆ ಪಾನ್ಸೋರಿ ಕಥೆ ಹಾಡುವವರ ಪಕ್ಕದಲ್ಲಿ ಡೋಲು ಬಾರಿಸುತ್ತಿತ್ತು. ಹಾಡುವವರು ಉಸಿರಿಗೆ ನಿಂತ ಜಾಗದಲ್ಲಿ "ಭಲೇ!" ಎಂದು ಕೂಗಿ ಅವರನ್ನು ಎತ್ತಿಹಿಡಿಯುವುದು ಡೋಲಿನವನ ಧರ್ಮ. ಆ ಸೀಮೆಯಲ್ಲಿ ಸುಮ್ಮನೆ ಕೂತು ಕೇಳುವವನು ಒಂದೋ ಕಿವುಡ, ಇಲ್ಲವೇ ಹೊಟ್ಟೆಕಿಚ್ಚಿನವನು. ತಾತನ ಭಲೇ ಇಷ್ಟು ವರ್ಷದಲ್ಲಿ ಒಮ್ಮೆಯೂ ತಡವಾದದ್ದಿಲ್ಲ.

ಮೊಮ್ಮಗಳು ಸೆರೋಮ್ ಬೆಳೆದದ್ದು ಗಿರಣಿಯ ಹಿಂದಿನ ಕೋಣೆಯಲ್ಲಿ, ಒಂದು ಹಳೆಯ ಪಿಯಾನೊ ಮುಂದೆ. ಅವಳು ಎಳೆಯ ಬೆರಳಲ್ಲಿ ಮೊದಲ ಪಾಠ ತಡವರಿಸಿದಾಗಲೂ ತಾತ ಮೆಣಸಿನ ಘಾಟಿಗೆ ಕೆಮ್ಮುತ್ತಲೇ "ಭಲೇ!" ಎನ್ನುತ್ತಿದ್ದ. ಈಗ ಅವಳಿಗೆ ಹತ್ತೊಂಬತ್ತು. ಜೊಂಜು ನಗರದ ಸಭಾಂಗಣದಲ್ಲಿ ಮೊದಲ ಕಛೇರಿ. ಅದನ್ನೇ ಇದ್ದ ಹಾಗೇ ಧ್ವನಿಮುದ್ರಿಸಿಕೊಂಡು ಅವಳ ಮೊದಲ ರೆಕಾರ್ಡ್ ಹೊರತರುತ್ತಾರಂತೆ. ಯಾರಾದರೂ ಸೀನಿದರೂ ಅದರಲ್ಲಿ ಉಳಿದುಬಿಡುತ್ತದೆ.

ಅಜ್ಜಿ ಮಲ್‌ಸುನ್ ಬಸ್ಸಿನಲ್ಲೇ ಶುರುಮಾಡಿದಳು. "ಇದು ನಿಮ್ಮ ಸಂತೆ ಹಾಡಲ್ಲ ಕಣ್ರೀ. ನೀವೊಂದ್ಸಲ ಕೂಗಿದ್ರೆ ಮಗು ರೆಕಾರ್ಡು ಹಾಳು. ಬಾಯಿಗೆ ಬೀಗ ಹಾಕ್ಕೊಳ್ಳಿ."

"ನಾನೇನ್ ಚಿಕ್ ಮಗೂನಾ?"

"ಚಿಕ್ ಮಕ್ಳಾದ್ರೆ ಮಾತು ಕೇಳ್ತವೆ," ಎಂದು ಅಂಟುಮಿಠಾಯಿಯ ದೊಡ್ಡ ತುಂಡೊಂದನ್ನು ಅವನ ಜೇಬಿಗೆ ತುರುಕಿದಳು.

ದೀಪ ಆರುತ್ತಲೇ ತಾತ ಅದನ್ನು ಬಾಯಿಗೆ ಹಾಕಿಕೊಂಡ. ಆ ಸಂಗೀತದ ತಲೆಬುಡ ಅವನಿಗೆ ತಿಳಿಯದು. ಆದರೆ ಬೆರಳುಗಳಿಗೆ ತಿಳಿದಿತ್ತು. ತೊಡೆಯ ಮೇಲೆ ಕೈ ತಾಳ ಹಾಕಿದಾಗೆಲ್ಲ ಅಜ್ಜಿ ಚಿವುಟಿದಳು. ಕೊನೆಯ ಕೃತಿಯ ನಡುವೆ, ಮೆಟ್ಟಿಲೇರಿದಂತೆ ಏರುತ್ತಿದ್ದ ನಾದ ತಟ್ಟನೆ ನಿಂತಿತು. ಸೆರೋಮ್ ಕೈಗಳು ಗಾಳಿಯಲ್ಲೇ ಉಳಿದವು. ಸಭೆಯೆಲ್ಲ ನಿಶ್ಶಬ್ದ. ತಾತ ಕುರ್ಚಿಯ ತುದಿಗೆ ಸರಿದ. ಅಯ್ಯೋ, ಮರೆತುಬಿಟ್ಟಳೇ? ಗಂಟಲವರೆಗೂ ಬಂದ ಭಲೇಯನ್ನು ಮಿಠಾಯಿಯ ಜೊತೆ ನುಂಗಿಕೊಂಡ. ಆಮೇಲೆ ಅವಳು ಮೆಲ್ಲಗೆ ಮುಂದುವರಿಸಿದಳು.

ಚಪ್ಪಾಳೆ ಮುಗಿದ ಮೇಲೆ ತಾತ ಬೀಗುತ್ತಾ ವೇದಿಕೆಯ ಹಿಂದಕ್ಕೆ ಹೋದ. "ನೋಡಿದ್ಯಾ ಮಗಳೇ, ಪಿಟ್ಟನ್ಲಿಲ್ಲ ನಾನು!"

ಕೈತುಂಬ ಹೂವಿದ್ದರೂ ಸೆರೋಮ್ ಮುಖ ಸಪ್ಪಗಿತ್ತು. "ಚೆನ್ನಾಗಿರ್ಲಿಲ್ವಾ ತಾತ?"

"ಯಾಕೇ ಹಾಗಂತೀಯಾ?"

"ನಿಂಗೇ ಅಂತ ಜಾಗ ಬಿಟ್ಟಿದ್ದೆ. ಕಾದೆ. ನೀನು ಬರ್ಲೇ ಇಲ್ಲ."

"ಕೂಗಬಾರ್ದು ಅಂತ..."

"ನಾನು ಹೇಳಿದ್ನಾ?"

ತಾತ ಅಲ್ಲೇ ಕುರ್ಚಿಯ ಮೇಲೆ ಕುಸಿದ. ಅದು ಮರೆವಲ್ಲ, ಕರೆ. ಊರಿನ ಹಾಡುಗಾರರೆಲ್ಲ ಅವನಿಗಾಗಿ ಬಿಡುತ್ತಿದ್ದಂಥ ಜಾಗವದು. ಕಂಡೂ ಗುರುತು ಹಿಡಿಯಲಿಲ್ಲ. ಯಾರ್ಯಾರನ್ನೋ ಎತ್ತಿಹಿಡಿದವನು ಸ್ವಂತ ಮೊಮ್ಮಗಳನ್ನು ನಡುನೀರಲ್ಲಿ ಕೈಬಿಟ್ಟಿದ್ದ. ಆ ನೋವಿಗೆ ಅವನು ವಾರಗಟ್ಟಲೆ ಡೋಲು ಮುಟ್ಟಲಿಲ್ಲ. ಗಿರಣಿಗೆ ಬಂದವರು "ತಾತನಿಗೆ ಹುಷಾರಿಲ್ವಾ?" ಎಂದು ಕೇಳುವಂತಾಯಿತು.

ಹೊಸ ಮೆಣಸಿನಕಾಯಿ ಬರುವ ಕಾಲಕ್ಕೆ ಸೆರೋಮ್ ರೆಕಾರ್ಡ್ ಹಿಡಿದು ಬಂದಳು. ತಾತ ಗಿರಣಿ ನಿಲ್ಲಿಸಿ, ಕೈಯ ಕೆಂಪುಪುಡಿ ಒರೆಸಿಕೊಂಡು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ. ಸೆರೋಮ್ ಕೊನೆಯ ಕೃತಿಯನ್ನು ಹಾಕಿದಳು. ನಾದ ಏರಿತು, ಏರಿತು, ನಿಂತಿತು. ತಾತ ಬಾಯಿ ತೆರೆದ. ದನಿಯೇ ಹೊರಡಲಿಲ್ಲ. ಕಣ್ಣು ಮಾತ್ರ ತುಂಬಿ ಬಂತು.

"ಈಗ ಕೂಗ್ರೀ!" ಅಜ್ಜಿ ಮೊಣಕೈಯಿಂದ ತಿವಿದಳು. "ಈಗೇನ್ ಬಂತು ನಿಮ್ಮ ಬಾಯಿಗೆ?"

"ಭಲೇ!" ಎನ್ನುವಷ್ಟರಲ್ಲಿ ಸ್ವರಗಳು ಮುಂದೆ ಹೋಗಿಬಿಟ್ಟಿದ್ದವು.

"ತಪ್ತು ಮಗಳೇ," ಎಂದು ತಾತ ಮುಖ ಮುಚ್ಚಿಕೊಂಡ. "ಮತ್ತೆ ತಪ್ತು."

"ತಪ್ಲಿ ಬಿಡು ತಾತ, ರೆಕಾರ್ಡಲ್ವಾ?" ಸೆರೋಮ್ ರೆಕಾರ್ಡನ್ನು ಹಿಂದಕ್ಕೆ ತಿರುಗಿಸಿ ಅವನ ಪಕ್ಕಕ್ಕೇ ಸರಿದು ಕೂತಳು. "ನೀನು ಬರೋವರ್ಗೂ ಕಾಯ್ತೀನಿ."