ರೂಸಿಯ ಕೊನೆಯ ಮಗಳು

ನನ್ನ ದಿನ ಐದಕ್ಕೆ ಶುರುವಾಗುತ್ತದೆ. ಹಾಸಿಗೆ ಮಡಚಿ, ಗಡ್ಡ ಕೆರೆದು, ಬಸವಕಲ್ಯಾಣದ ಕೋಟೆಯ ಕಡೆ ಒಂದು ಸುತ್ತು ನಡೆದು ಬಂದು ಏಳಕ್ಕೆ ಚಹಾ. ದೂರದ ಒಂದು ಕುದುರೆ ಸಾಕಣೆ ಕೇಂದ್ರದಲ್ಲಿ ವಂಶಾವಳಿಯ ದಫ್ತರ ಬರೆಯುತ್ತ ನೌಕರಿ ಮುಗಿಸಿದವನು ನಾನು. ಬೇರೆ ರೀತಿ ಬದುಕಲು ಬರುವುದಿಲ್ಲ.

ಆ ದಿನ ಚಹಾಕ್ಕೆ ಮೊದಲೇ ಫೋನು ಬಂತು. ಅದೇ ಕೇಂದ್ರದ ಲಾಯದಲ್ಲಿ ಕುದುರೆ ನೋಡಿಕೊಳ್ಳುತ್ತಿದ್ದ, ಈಗ ಹುಮನಾಬಾದಿನಲ್ಲಿರುವ ಹಳೆಯ ಸಂಗಾತಿ.

“ಸಾಹೇಬ್ರ, ನಮ್ಮಾಕಿ ನಿನ್ನೆಯಿಂದ ಏಳವಲ್ಲಳು. ಡಾಕ್ಟರ್ ಇನ್ನ ಆಗಂಗಿಲ್ಲ ಅಂದ್ರು. ಒಂದು ಕಾಗದ ಬರಿಯೋದದ. ನಿಮ್ಮ ಹಳೆ ಡೈರಿ ತಗೊಂಡು ಬರ್ರಿ.”

ನಮ್ಮಾಕಿ ಎಂದರೆ ಅವನ ಬಿಳಿ ಹೆಣ್ಣುಕುದುರೆ. ಹುಟ್ಟಿದ್ದು ನಮ್ಮ ಕೇಂದ್ರದಲ್ಲೇ. ಎತ್ತರ ಸಾಲದೆಂದು ಹರಾಜಿಗೆ ಹಾಕಿದಾಗ ಅವನು ಕೊಂಡು ಊರಿಗೆ ತಂದಿದ್ದ. ಮದುವೆ ಮೆರವಣಿಗೆಗಳಲ್ಲಿ ಮದುಮಕ್ಕಳನ್ನು ಹೊತ್ತು ಅವನ ಮನೆ ನಡೆಸಿದವಳು. ಈಗ ಇಪ್ಪತ್ತಾರು ವರ್ಷ.

ಬಸ್ಸಿನಲ್ಲಿ ಕೂತಾಗ ರೂಸಿಯ ನೆನಪಾಯಿತು. ರಷ್ಯಾದಿಂದ ನಮ್ಮ ಕೇಂದ್ರಕ್ಕೆ ಬಂದಿದ್ದ ಅರಬ್ಬಿ ಹೆಣ್ಣುಕುದುರೆ. ನಿಜವಾದ ಹೆಸರು ನಮ್ಮ ನಾಲಿಗೆಗೆ ಹೊರಳದೆ ಎಲ್ಲರೂ ರೂಸಿ, ಎಂದರೆ ರಷ್ಯಾದವಳು, ಎನ್ನುತ್ತಿದ್ದೆವು. ಅವಳ ಕುಲದ ಕಥೆ ದೊಡ್ಡದು. ರಷ್ಯಾದ ಸಿರಿವಂತರು ಹಿಂದೆ ಮರುಭೂಮಿಯ ಡೇರೆಗಳಿಂದ ಅರಬ್ಬಿ ಕುದುರೆಗಳನ್ನು ಕೊಂಡು ತಂದಿದ್ದರು. ಕ್ರಾಂತಿಯ ಗದ್ದಲದಲ್ಲಿ ಆ ಲಾಯಗಳು ಹಾಳಾದವು. ಆಮೇಲಿನ ಸರಕಾರ ಫ್ರಾನ್ಸು, ಇಂಗ್ಲೆಂಡುಗಳಿಂದ ಮತ್ತೆ ಕುದುರೆ ತರಿಸಿ ಕಾಕಸಸ್ ಬೆಟ್ಟಗಳ ತಪ್ಪಲಿನಲ್ಲಿ ತಳಿ ಬೆಳೆಸಿತು. ಎರಡನೆಯ ಮಹಾಯುದ್ಧದಲ್ಲಿ ಶತ್ರು ಹತ್ತಿರ ಬಂದಾಗ ಹಿಂಡನ್ನು ಪೂರ್ವದ ಬಯಲಿಗೆ ನಡೆಸಿಕೊಂಡು ಹೋದರು. ದಾರಿಯಲ್ಲಿ ಸತ್ತವು ಸತ್ತವು. ನಡೆದು ಉಳಿದವುಗಳಲ್ಲಿ ರೂಸಿಯ ಅಜ್ಜಿಯ ಅಜ್ಜಿಯೂ ಒಬ್ಬಳು.

ಅರಬ್ಬಿ ಕುದುರೆಯ ಕುಲವನ್ನು ತಾಯಿಯ ಕಡೆಯಿಂದ ಎಣಿಸುತ್ತಾರೆ. ಓದು ಬಾರದ ನನ್ನ ಸಂಗಾತಿ ರೂಸಿಯ ಮೈ ತಿಕ್ಕುತ್ತ ಅವಳ ಏಳು ತಲೆಮಾರಿನ ತಾಯಂದಿರ ಹೆಸರನ್ನು ತಪ್ಪದೆ ಹೇಳುತ್ತಿದ್ದ. ತನ್ನ ಅಜ್ಜಿಯ ತಾಯಿಯ ಹೆಸರು ಅವನಿಗೆ ಗೊತ್ತಿರಲಿಲ್ಲ.

ಅವನ ಮನೆಯ ಅಂಗಳದ ಬೇವಿನ ಕೆಳಗೆ, ತೊಗರಿಯ ಖಾಲಿ ಚೀಲಗಳ ಮೇಲೆ ಆ ಬಿಳಿ ಹೆಣ್ಣುಕುದುರೆ ಮಲಗಿದ್ದಳು. ಅವನು ಅವಳ ಕುತ್ತಿಗೆ ಸವರುತ್ತ ಕೂತಿದ್ದ. ಸೊಸೆ ಕುರ್ಚಿ ತಂದಿಟ್ಟಳು.

“ನೋಡ್ ಬೇಟಿ, ಇವರ ಗಡಿಯಾರಕ್ಕ ಹೆದರಿ ನಮ್ಮ ಕುದ್ರಿಗೋಳು ಲದ್ದಿ ಸುದ್ದಾ ಟೈಮಿಗೆ ಹಾಕತಿದ್ವು,” ಅಂದ. ಅವಳು ಸೆರಗಿನಲ್ಲಿ ನಕ್ಕು ಒಳಗೆ ಹೋದಳು. ಅವನ ನಗೆ ಅಲ್ಲಿಗೇ ನಿಂತಿತು.

“ಸಾಹೇಬ್ರ, ರೂಸಿ ಮರಿ ಗುರುತು ಬರಕೊಂಡ ದಿನ ನೆನಪದ ಏನ್ರಿ? ಡೈರಿ ನೋಡ್ರಿ.”

ನೋಡಿದೆ. ನನ್ನದೇ ಅಕ್ಷರ: ಮುಂಜಾನೆ ಆರು, ಎರಡು ಮರಿಗಳ ಗುರುತು ಬರೆದೆ. ಲಾಯದವನು ಏನೋ ಹೇಳಲು ಬಂದ. ಸಂಜೆ ಹಾಜರಿಗೆ ಹೇಳು ಎಂದೆ.

ರೂಸಿ ಹೆತ್ತ ದಿನವೇ ಸತ್ತಿದ್ದಳು. ಅವಳ ಮೊದಲಿನ ಹೆಣ್ಣುಮರಿ ಒಂದೂ ಉಳಿದಿರಲಿಲ್ಲ. ಈ ಹೆಣ್ಣುಮರಿಯನ್ನು ಅದೇ ದಿನ ಈದಿದ್ದ ಊರತಳಿಯ ಕುದುರೆಯ ಮೊಲೆಗೆ ಬಿಟ್ಟಿದ್ದೆವು. ಮುಂದೆ ಬಿಳಿಯಾಗುವ ಮರಿಗಳು ಹುಟ್ಟುವಾಗ ಕಪ್ಪಾಗಿರುತ್ತವೆ. ಒಂದೇ ಮೊಲೆಗೆ ಎರಡು ಕಪ್ಪು ಹೆಣ್ಣುಮರಿ. ಗೊಂದಲ ಬೇಡವೆಂದು ರೂಸಿಯದರ ಕೊರಳಿಗೆ ಕೆಂಪು ಪಟ್ಟಿ, ಇನ್ನೊಂದಕ್ಕೆ ನೀಲಿ ಪಟ್ಟಿ ಕಟ್ಟಿಸಿದ್ದೆ. ಮೂರನೆಯ ದಿನ ಆರಕ್ಕೆ ಹಣೆಯ ಸುಳಿ, ಕುತ್ತಿಗೆಯ ಸುಳಿ ನೋಡಿ ಕಾರ್ಡಿನಲ್ಲಿ ಚಿತ್ರ ಬರೆದು, ಡೈರಿಯಲ್ಲೊಂದು ನಕಲು ಇಟ್ಟುಕೊಂಡು, ಸಹಿ ಮಾಡುವುದು ನನ್ನ ಕೆಲಸ. ಬರೆಯುವಾಗ ಯಾರೂ ಮಾತಾಡಬಾರದು. ಅದು ನನ್ನ ನಿಯಮ.

“ಪಟ್ಟಿ ಒದ್ದಿ ಆಗಿದ್ವು ಅಂತ ಯಾರೋ ಬಿಚ್ಚಿ ಒಣಗಿಸಿ, ಅದಲಿಬದಲಿ ಕಟ್ಟಿದ್ರು. ಅದನ್ನೇ ಹೇಳಾಕ ಬಂದಿದ್ದೆ,” ಅಂದ.

ಅಂದು ಮಧ್ಯಾಹ್ನವೇ ಅವನ ತಾಯಿ ತೀರಿದ ಸುದ್ದಿ ಬಂದಿತ್ತು. ಸಂಜೆ ಹಾಜರಿಗೆ ಅವನಿರಲಿಲ್ಲ. ನಲವತ್ತು ದಿನ ಕಳೆದು ಬಂದಾಗ ಕಾರ್ಡುಗಳು ಮೇಲಿನ ಕಚೇರಿಗೆ ಹೋಗಿದ್ದವು.

“ಬಂದ ಮ್ಯಾಲ ಯಾಕ ಹೇಳಲಿಲ್ಲ, ಭಾಯ್?”

“ಸಹಿ ನಿಮ್ದಿತ್ತಲ್ಲ. ಬಡ್ತಿ ಬರೋ ವರ್ಷ. ನಾ ಬಾಯಿ ಬಿಟ್ಟಿದ್ರ ಅದು ಹೋಗತಿತ್ತು.”

ಬಡ್ತಿ ಬಂದಿತ್ತು. ಸಿಹಿ ಹಂಚಿದ್ದೆ. ಅವನೂ ತಿಂದಿದ್ದ.

ಡೈರಿಯಲ್ಲಿ ನೀಲಿ ಪಟ್ಟಿಯ ಮರಿಯ ಚಿತ್ರ ತೆಗೆದು ಬಗ್ಗಿದೆ. ಹಣೆಯಲ್ಲಿ ಒಂದರ ಮೇಲೊಂದು ಎರಡು ಸುಳಿ, ಎಡಗುತ್ತಿಗೆಯಲ್ಲಿ ಜೂಲಿನ ಅಂಚಿಗೆ ಒಂದು. ಮುದಿ ಕೂದಲಲ್ಲೂ ಅವು ಹಾಗೇ ಇದ್ದವು. ರೂಸಿಯದೆಂದು ಕೇಂದ್ರದಲ್ಲಿ ಉಳಿಸಿಕೊಂಡದ್ದು ಊರತಳಿಯ ಮರಿ. ಊರತಳಿ ಎಂದು ನಾನು ಬರೆದು ಹರಾಜಿಗೆ ಕಳಿಸಿದವಳು ರೂಸಿಯ ಮಗಳು.

“ಮತ್ತ ಈಕಿಗೆ ಮರಿ ಯಾಕ ಹಾಕಿಸಲಿಲ್ಲ?”

“ಕಾಗದ ಇಲ್ಲದಾಕಿಗೆ ಅರಬ್ಬಿ ಗಂಡು ಯಾರು ಕೊಡ್ತಾರ್ರಿ? ಟಾಂಗಾದ ಕುದ್ರಿಗೆ ಬಿಡಾಕ ನನ್ನ ಮನಸ ಒಪ್ಪಲಿಲ್ಲ. ಕಾಗದ ಕೇಳಿದ್ರ ನಿಮ್ಮ ಹೆಸರು ಬರತದ. ಇವತ್ತು ಮಾಡೋಣ, ನಾಳೆ ಮಾಡೋಣ ಅಂತ ಹಂಗೇ ಕುಂತೆ. ಈಗ ಹೊಂಟಾಳ. ತಾಯಿ ಹೆಸರಿಲ್ದ ಕಳಸಾಕ ಆಗವಲ್ದು. ಬರೀರಿ.”

ಅಷ್ಟು ದೂರ ನಡೆದು ಉಳಿದ ರೂಸಿಯ ಕುಲ ನನ್ನ ಆ ಆರು ಗಂಟೆಗೆ ಬಂದು ನಿಂತುಹೋಗಿತ್ತು.

ಹಾಳೆ ತೆಗೆದು ರೂಢಿಯಂತೆ ಮೊದಲು ‘ಬಣ್ಣ’ ಎಂದು ಬರೆದೆ. ಅವನು ಅವಳ ಹೊಟ್ಟೆಯ ಏರಿಳಿತ ನೋಡುತ್ತಿದ್ದ. ನಾನು ಅದನ್ನು ಹೊಡೆದು ಹಾಕಿ, ಮೇಲೆ ‘ತಾಯಿ’ ಎಂದು ಬರೆದೆ. ಅದರ ಮುಂದೆ ರೂಸಿಯ ಹೆಸರು. ಅವಳ ಹಿಂದಿನ ಏಳು ತಾಯಂದಿರ ಹೆಸರನ್ನು ಅವನು ಒಂದೊಂದಾಗಿ ಹೇಳಿದ. ಆಮೇಲೆ ತಂದೆ, ಬಣ್ಣ, ಸುಳಿಗಳ ಚಿತ್ರ. ಕೊನೆಯ ಸಾಲು ‘ಸಂತಾನ’. ಅದರ ಮುಂದೆ ‘ಇಲ್ಲ’ ಎಂದು ಬರೆದು ಸಹಿ ಮಾಡಿದೆ.

“ಓದ್ರಿ, ಆಕಿ ಕಿವಿ ಹತ್ರ ಓದ್ರಿ.”

ನೆಲಕ್ಕೆ ಕೂತು ಓದಿದೆ. ಅವಳ ಕಿವಿ ಒಮ್ಮೆ ಅಲುಗಿತು. ಕೊನೆಯ ಸಾಲಿಗೆ ಬಂದಾಗ ಓದದೆ ನಿಂತೆ.

“ಮುಗೀತೇನ್ರಿ?” ಅಂದ.

ಮುಗೀತು ಎಂದೆ. ಅವನು ಕಾಗದ ಮಡಚಿ ಎದೆಯ ಜೇಬಿನಲ್ಲಿಟ್ಟುಕೊಂಡ.