ಹನ್ನೊಂದನೆಯ ಕಲ್ಲು

ನಮ್ಮ ಕಣಿವೆಯಲ್ಲಿ ಯಾರೂ ಬರೀ ಹೆಸರು ಕೇಳಿ ಸುಮ್ಮನಾಗುವುದಿಲ್ಲ. ಯಾರ ಮಗಳು, ಯಾರ ಮೊಮ್ಮಗಳು ಎಂದು ಕೆದಕುತ್ತಲೇ ಹೋಗುತ್ತಾರೆ. ಡೋಲಿನಾಳ ವಿಷಯದಲ್ಲಿ ಆ ಶ್ರಮ ಬೇಕಿರಲಿಲ್ಲ. ಗಿರಣಿಯ ರೂರಿಯ ಮಗಳು, ಅಂದರೆ ಹಿಟ್ಟಿನವಳು.

ನಾವೆಲ್ಲ ಮ್ಯಾಕ್‌ಕೊರಿನ್ ಕುಲದವರು. ಹಿಂದೊಮ್ಮೆ ಜ್ವರ ಬಂದು ಕುಲದ ಗಂಡಸರು ಬೆರಳೆಣಿಕೆಯಷ್ಟೇ ಉಳಿದಾಗ ಅಂದಿನ ಒಡೆಯ, ತನ್ನ ಹೆಸರಿಟ್ಟುಕೊಂಡು ತನ್ನ ಜೊತೆ ನಿಲ್ಲುವ ಪ್ರತಿ ಮನೆಗೂ ಒಂದು ಮೂಟೆ ಓಟ್ಸ್ ಹಿಟ್ಟು ಕೊಡುವುದಾಗಿ ಸಾರಿದನಂತೆ. ಹಾಗೆ ಬಂದು ಸೇರಿದವರು ಹಿಟ್ಟಿನವರು. ನಾನೂರು ವರ್ಷ ಕಳೆದರೂ ಆ ಮಾತು ಡೋಲಿನಾಳ ಮನೆಯೊಂದಕ್ಕೇ ಅಂಟಿಕೊಂಡಿತ್ತು. ಉಳಿದವರೆಲ್ಲ ಯಾವಾಗಲೋ ಅಪ್ಪಟ ಒಡೆಯನ ರಕ್ತವಾಗಿಬಿಟ್ಟಿದ್ದೆವು. ಶಾಲೆಯಲ್ಲಿ ಅವಳು ಒಳಗೆ ಬಂದರೆ ಬೆಂಚು ಕೊಡವಿ "ಹಿಟ್ಟು ಬಿತ್ತು" ಎನ್ನುತ್ತಿದ್ದವನು ನಾನೇ, ದೋಣಿಯ ಮರ್ಡೋ. ನನಗೀಗ ಎಪ್ಪತ್ತೊಂದು. ನೆನೆದರೆ ಇಂದಿಗೂ ನಾಚಿಕೆಯಾಗುತ್ತದೆ.

ಒಡೆಯರ ಸಮಾಧಿಗಳಿರುವುದು ಸರೋವರದ ನಡುವಿನ ನಡುಗಡ್ಡೆಯಲ್ಲಿ. ಹತ್ತೊಂಬತ್ತು ಕಲ್ಲು, ಒಂದರ ಮೇಲೂ ಅಕ್ಷರವಿಲ್ಲ. ಯಾವುದು ಯಾರದೆಂದು ಬಾಯಿಪಾಠವಾಗಿಯೇ ಉಳಿಯಬೇಕು. ಡೋಲಿನಾಳಿಗೆ ಅದನ್ನು ಕಲಿಸಿದವನು ಅವಳ ಅಪ್ಪ. ಪ್ರತಿ ಮೇ ತಿಂಗಳು ಕಲ್ಲುಗಳ ಪಾಚಿ ಉಜ್ಜುತ್ತ, ಒಂದೊಂದರ ಮೇಲೂ ಅವಳ ಅಂಗೈ ಇರಿಸಿ ಹೇಳಿಸುತ್ತಿದ್ದ. ಕುಲದವರ ಕೂಟದಲ್ಲಿ ಒಮ್ಮೆ ಆ ಹೆಸರುಗಳನ್ನು ಹೇಳಬೇಕೆಂದು ರೂರಿಗೆ ಆಸೆಯಿತ್ತು. ಹಿಟ್ಟಿನವನೆಂದು ಬಿಡಲಿಲ್ಲ. ಹೇಳದೆಯೇ ಸತ್ತ. ಶಾಲೆಯ ಅಡುಗೆಮನೆಯಲ್ಲಿ ಮೂವತ್ತೊಂದು ವರ್ಷ ದುಡಿದ ಡೋಲಿನಾ ಒಂದು ಮೇ ತಿಂಗಳನ್ನೂ ತಪ್ಪಿಸಲಿಲ್ಲ. ದೋಣಿ ನನ್ನದು, ಬ್ರಷ್ಷು ಅವಳದು. ಅವಳಿಗೆ ಮಕ್ಕಳಿಲ್ಲ. ಅವಳು ಹೋದರೆ ಯಾವ ಕಲ್ಲು ಯಾರದೆಂಬುದೂ ಹೋದಂತೆಯೇ.

ಹೋದ ಬೇಸಿಗೆಯಲ್ಲಿ ಮೂವತ್ತು ವರ್ಷದ ಮೇಲೆ ಕೂಟ ಸೇರಿತು. ಸಮುದ್ರದಾಚೆಗೆ ವಲಸೆ ಹೋದವರ ಮೊಮ್ಮಕ್ಕಳು ನೂರು ಜನ ಬರುವವರಿದ್ದರು. ಡೋಲಿನಾ ಕುಲಸಂಘದ ಕಾರ್ಯದರ್ಶಿ ಫರ್ಕರ್‌ನ ಬಾಗಿಲಿಗೆ ಹೋದಳು. ಜೊತೆಗೆ ನಾನೂ ಇದ್ದೆ.

"ಕಲ್ಲುಗಳ ಹೆಸರು ನಾನು ಹೇಳ್ತೀನಿ ಫರ್ಕರ್. ಅಪ್ಪನಿಗಂತೂ ಆಗ್ಲಿಲ್ಲ."

"ಕೆನಡಾದಿಂದ ಲಾಖ್ಲನ್ ಅವರು ಬರ್ತಿದಾರೆ. ಒಡೆಯರ ವಂಶದೋರು. ಒಡೆಯರ ವಂಶಾವಳಿ ಪುಸ್ತಕ ತರಿಸ್ಕೊಂಡು ಪೂರ್ತಿ ಕಲ್ತಿದಾರೆ," ಎಂದ ಫರ್ಕರ್. "ನೀನು ಬೇಜಾರು ಮಾಡ್ಕೋಬೇಡ. ನಿನ್ನ ಓಟ್ಸ್ ರೊಟ್ಟಿ ಇಲ್ದೆ ಕೂಟ ಆಗತ್ತಾ? ಒಂದು ಇನ್ನೂರು ಮಾಡ್ಬಿಡು."

ನನಗೆ ಮೈ ಉರಿಯಿತು. ಅವಳು ಮಾತ್ರ "ಉಪ್ಪು ಕಮ್ಮಿನೋ ಜಾಸ್ತಿನೋ?" ಎಂದು ಕೇಳಿ ಮನೆಗೆ ನಡೆದಳು.

ಕೂಟದ ದಿನ ಬೆಳಗಿನಿಂದ ಏಳು ಸಲ ದೋಣಿ ಓಡಿಸಿ ಜನರನ್ನು ನಡುಗಡ್ಡೆಗೆ ಇಳಿಸಿದೆ. ನಮ್ಮ ಕಟ್ಟಳೆ ಇಷ್ಟೇ: ಕೈಯಲ್ಲಿ ಕಾಗದ ಇರಕೂಡದು. ಒಂದೊಂದು ಕಲ್ಲನ್ನೂ ಮುಟ್ಟಿ ಮಲಗಿದವನನ್ನು ಕೂಗಬೇಕು. ತಪ್ಪಿದವನು ಕೂರಬೇಕು, ಬಲ್ಲವರು ಎದ್ದು ಮೊದಲಿನಿಂದ ಹೇಳಬೇಕು.

ಲಾಖ್ಲನ್ ಆರಡಿಯ ಆಳು, ಮೊಣಕಾಲುದ್ದದ ಹೊಸ ಕಿಲ್ಟ್ ಲಂಗ, ಒಳ್ಳೆ ಕಂಚಿನ ಕಂಠ. ಎಲ್ಲೂ ತಡವರಿಸದೆ ಹೇಳಿ ಮುಗಿಸಿದ. ಹೆಸರು ಮುಗಿಯಿತು, ಕಲ್ಲು ಮುಗಿಯಲಿಲ್ಲ. ಕೊನೆಯದೊಂದು ಅವನ ಮುಂದೆ ಹಾಗೇ ಉಳಿದಿತ್ತು.

"ಯಾವುದೋ ಮಗುವಿಂದಿರ್ಬೇಕು," ಎಂದ ಫರ್ಕರ್.

ಡೋಲಿನಾ ರೊಟ್ಟಿಯ ಬುಟ್ಟಿ ಕೆಳಗಿಟ್ಟಳು. "ಮಗು ಅಲ್ಲ. ಹನ್ನೊಂದನೆಯವನನ್ನ ಬಿಟ್ರಿ. ಕರಿ ಟಾರ್ಮೊಡ್ ಅಂತ ಇಬ್ಬರಿದ್ರು, ಅಪ್ಪ ಮಗ. ಪುಸ್ತಕ ಬರೆದೋನು ಒಂದೇ ಹೆಸರು ನೋಡಿ ಇಬ್ಬರನ್ನೂ ಒಬ್ಬನೇ ಮಾಡಿದಾನೆ. ಅಲ್ಲಿಂದ ಈಚೆಗೆ ನೀವು ಮುಟ್ಟಿದ್ದೆಲ್ಲ ಪಕ್ಕದವನ ಕಲ್ಲು."

ಫರ್ಕರ್ ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಲಾಖ್ಲನ್ ಹೊಸ ಕಿಲ್ಟನ್ನೂ ಲೆಕ್ಕಿಸದೆ ಹಸಿ ಹುಲ್ಲಿನ ಮೇಲೆ ಕೂತುಬಿಟ್ಟಿದ್ದ. ದೊಡ್ಡ ಮನುಷ್ಯ. "ತಪ್ಪಿದೋನು ಕೂರ್ಬೇಕಲ್ವಾ? ನೀವು ಹೇಳಿ ತಾಯಿ."

ಡೋಲಿನಾ ಏಪ್ರನ್ನಿಗೆ ಕೈ ಒರೆಸಿಕೊಂಡು ಮೊದಲ ಕಲ್ಲಿಗೆ ನಡೆದಳು. ದನಿ ದೊಡ್ಡದೇನಲ್ಲ. ಆದರೆ ಅವಳು ಪಟ್ಟಿ ಓದುತ್ತಿರಲಿಲ್ಲ, ಮಲಗಿದವರನ್ನು ಊಟಕ್ಕೆ ಎಬ್ಬಿಸುತ್ತಿದ್ದಳು. ಹನ್ನೊಂದನೆಯ ಕಲ್ಲಿನ ಬಳಿ ನಿಂತಳು.

"ಕರಿ ಟಾರ್ಮೊಡ್‌ನ ಮಗ ಕರಿ ಟಾರ್ಮೊಡ್. ಹಿಟ್ಟು ಕೊಟ್ಟೋನು ಇವನೇ. ಇವನ ಕಲ್ಲಿನ ಹತ್ರ ಹಿಟ್ಟು ತಗೊಂಡ ಒಂಬತ್ತು ಮನೆ ಹೆಸರೂ ಹೇಳ್ಬೇಕು. ಒಂದನೇದು ಗಿರಣಿ ಮನೆ, ನಮ್ಮದು."

ಒಂದೊಂದಾಗಿ ಹೇಳುತ್ತ ಹೋದಳು. ಐದನೆಯದು ಕಮ್ಮಾರರ ಮನೆ. ಫರ್ಕರ್‌ನ ತಾತ ಕಮ್ಮಾರ. ಅವನು ಬೂಟು ನೋಡಿಕೊಂಡ. ಏಳನೆಯದು ಬಾವಿಮನೆ.

"ನಮ್ಮ ಮುತ್ತಾತ ಹಡಗು ಹತ್ತಿದ್ದು ಬಾವಿಮನೆಯಿಂದ," ಎಂದ ಲಾಖ್ಲನ್ ಮೆಲ್ಲಗೆ.

"ಗೊತ್ತು. ನಿಮ್ಮೋರು ಎರಡು ಮೂಟೆ ತಗೊಂಡಿದ್ರು."

ಮೊದಲು ನಕ್ಕವನು ಲಾಖ್ಲನ್ನೇ. ಆಮೇಲೆ ಇಡೀ ನಡುಗಡ್ಡೆ ನಕ್ಕಿತು. ನಗು ನಿಲ್ಲುವವರೆಗೆ ಅವಳು ಕಲ್ಲಿನಿಂದ ಕೈ ತೆಗೆಯಲಿಲ್ಲ. ಹತ್ತೊಂಬತ್ತನೆಯದು, ಕಣಿವೆಯನ್ನೇ ಮಾರಿ ನಮ್ಮನ್ನು ಚದುರಿಸಿದವನದು. ಅವನ ಹೆಸರನ್ನೂ ಮರ್ಯಾದೆಯಿಂದಲೇ ಕೂಗಿ ಜನರ ಕಡೆ ತಿರುಗಿದಳು.

"ಇವನ ಮಕ್ಕಳು ಎಲ್ಲಿದಾರೋ ಯಾರಿಗೂ ಗೊತ್ತಿಲ್ಲ. ಇವರ ಹೆಸರು ಉಳ್ಸಿರೋರು ಹಿಟ್ಟಿನೋರು. ಹೇಳಿದೋಳು ಡೋಲಿನಾ, ಗಿರಣಿಯ ರೂರಿಯ ಮಗಳು."

ಬ್ಯಾಗ್‌ಪೈಪ್ ಊದುವವನಿಗೆ ಯಾರೂ ಸನ್ನೆ ಮಾಡಬೇಕಾಗಲಿಲ್ಲ. ಜನ ಸಾಲುಗಟ್ಟಿ ಬಂದು ಅವಳ ಕೈ ಕುಲುಕಿದರು. ಲಾಖ್ಲನ್ ಎರಡು ರೊಟ್ಟಿ ಎತ್ತಿಕೊಂಡು "ನಮ್ಮ ಮನೆ ಪದ್ಧತಿ" ಎಂದ. ಬರುವ ಮೇ ತಿಂಗಳು ಮಗಳನ್ನು ಕಲಿಯಲು ಕಳಿಸುತ್ತೇನೆ ಎಂದೂ ಹೇಳಿದ. ನನ್ನ ಕಣ್ಣಲ್ಲಿ ನೀರು ನಿಲ್ಲಲಿಲ್ಲ. ರೂರಿ ಇರಬೇಕಿತ್ತು.

ಸಂಜೆ ಕೊನೆಯ ಸರದಿಯಲ್ಲಿ ದೋಣಿಯಲ್ಲಿ ನಾವಿಬ್ಬರೇ. ಹುಟ್ಟು ಹಾಕುತ್ತಲೇ ಕೇಳಿದೆ.

"ಮೂರನೇ ಮನೆ ದೋಣಿಯೋರದು ಅಂದ್ಯಲ್ಲ. ಅದು ನಮ್ಮದೇ ತಾನೇ?"

"ಇನ್ಯಾರದು?"

"ಶಾಲೆಯಲ್ಲಿ ನಾನು ಬೆಂಚು ಕೊಡವ್ತಿದ್ದಾಗಲೂ ನಿಂಗೆ ಗೊತ್ತಿತ್ತಾ? ಆಗ್ಲೇ ಯಾಕೆ ಹೇಳ್ಲಿಲ್ಲ ಮಾರಾಯ್ತಿ?"

ಡೋಲಿನಾ ಖಾಲಿ ಬುಟ್ಟಿಯನ್ನು ಮಡಿಲಲ್ಲಿ ಸರಿಮಾಡಿಕೊಂಡಳು.

"ಆ ಒಂಬತ್ತು ಮನೆ ಹೆಸರನ್ನ ಕಲ್ಲು ಮುಟ್ಕೊಂಡು, ಎಲ್ಲರ ಮುಂದೆ ನಿಂತೇ ಹೇಳ್ಬೇಕು ಅಂತಿದ್ದ ಅಪ್ಪ. ಇವತ್ತಿನವರೆಗೆ ನನ್ನನ್ನ ನಿಲ್ಲೋಕೆ ಯಾರು ಬಿಟ್ರು, ಮರ್ಡೋ?"